ಮಾನಿಟರ್ ಪವರ್ ಸಪ್ಲೈ ಹೋಗಿದೆ, ರಿಪೇರಿ ಮಾಡಿಸ್ಲಾ, ಹೊಸದು ತಗೊಳ್ಲಾ?

ಓದುಗರೊಬ್ಬರ ಪ್ರಶ್ನೆ:

"ಸರ್ ನಮಸ್ತೆ. ತೀರ್ಥಹಳ್ಳಿ ಹತ್ರ ನಮ್ದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. 2016ರಲ್ಲಿ ತಗೊಂಡಿದ್ದ 22 ಇಂಚಿನ ಎಲ್‌ಇಡಿ ಮಾನಿಟರ್ ಇಷ್ಟು ವರ್ಷ ಚೆನ್ನಾಗಿ ನಡೀತು. ಎರಡು ಮೂರು ತಿಂಗಳಿಂದ ಬೆಳಿಗ್ಗೆ ಆನ್ ಮಾಡಿದ್ರೆ ಪವರ್ ಲೈಟ್ ಮಿಣಕ್ ಮಿಣಕ್ ಅಂತ ಹತ್ತಿ ಆರ್ತಿತ್ತು, ಹತ್ತು ಹದಿನೈದು ನಿಮಿಷ ಹಾಗೇ ಬಿಟ್ರೆ ತಾನಾಗೇ ಸ್ಕ್ರೀನ್ ಬರ್ತಿತ್ತು, ಒಂದ್ಸಲ ಬಂತು ಅಂದ್ರೆ ಸಂಜೆವರೆಗೂ ಏನೂ ತೊಂದ್ರೆ ಇಲ್ಲ. ಹೋದ ವಾರ ಗಾಳಿಮಳೆಗೆ ಕರೆಂಟ್ ಹೋಗಿ ಬಂತು, ಅವತ್ತಿಂದ ಪೂರ್ತಿ ಸತ್ತಿದೆ, ಲೈಟೂ ಹತ್ತಲ್ಲ. ಇದಕ್ಕೆ ಹೊರಗಡೆ ಅಡಾಪ್ಟರ್ ಇಲ್ಲ, ಕರೆಂಟಿನ ಕೇಬಲ್ ನೇರವಾಗಿ ಹಿಂದುಗಡೆ ಹೋಗತ್ತೆ. ಒಂದು ಅಂಗಡಿಯವ್ರು ಬೋರ್ಡೇ ಹೋಗಿದೆ, 2,800 ಆಗತ್ತೆ, ಗ್ಯಾರಂಟಿ ಕೊಡಕ್ಕಾಗಲ್ಲ ಅಂದ್ರು. ಇನ್ನೊಬ್ರು ಇಷ್ಟು ಹಳೇದಕ್ಕೆ ದುಡ್ಡು ಹಾಕ್ಬೇಡಿ, ಗುಜರಿಗೆ ಹಾಕಿ ಅಂದ್ರು. ನಮ್ಮಕ್ಕನ ಮಗ ಡಿಪ್ಲೊಮಾ ಓದ್ತಿದಾನೆ, 'ಕೆಪಾಸಿಟರ್ ಅಷ್ಟೇ ಚಿಕ್ಕಮ್ಮ, ಐವತ್ತು ರೂಪಾಯಿ ಕೆಲಸ, ಯೂಟ್ಯೂಬ್ ನೋಡ್ಕೊಂಡು ನಾನೇ ಬಿಚ್ತೀನಿ' ಅಂತಾನೆ. ಏನ್ ಮಾಡೋದು ಸರ್? ಅವನ ಕೈಲಿ ಬಿಚ್ಚಿಸ್ಬಹುದಾ? ಯುಪಿಎಸ್ ಇದ್ರೂ ಯಾಕೆ ಹಿಂಗಾಯ್ತು?"

ಉತ್ತರ:

ಮೇಡಂ, ಮೂರು ಜನ ಮೂರು ಥರ ಹೇಳಿದಾರೆ, ಆದ್ರೆ ನೀವು ಬರ್ದಿರೋದು ನೋಡಿದ್ರೆ ಮೂರರಲ್ಲಿ ಒಬ್ರೂ ಇನ್ನೂ ಒಳಗಿರೋ ಫ್ಯೂಸ್ ನೋಡಿದ ಹಾಗೆ ಕಾಣಲ್ಲ. ರಿಪೇರಿ ಮಾಡಿಸ್ಬೇಕಾ ಬೇಡ್ವಾ ಅನ್ನೋದು ಮಾನಿಟರ್ ಎಷ್ಟು ಹಳೇದು ಅನ್ನೋದಕ್ಕಿಂತ ಜಾಸ್ತಿ, ಅದು ಹೇಗೆ ಸತ್ತಿದೆ ಅನ್ನೋದ್ರ ಮೇಲೆ ನಿಂತಿರತ್ತೆ. ಸುಸ್ತಾಗಿ ನಿಂತಿದ್ಯಾ, ಇಲ್ಲಾ ಹೊಡೆತ ಬಿದ್ದು ಸುಟ್ಟಿದ್ಯಾ, ಅದು ಗೊತ್ತಾಗ್ದೇ 2,800 ಕೊಡೋದೂ ತಪ್ಪು, ಗುಜರಿಗೆ ಹಾಕೋದೂ ತಪ್ಪು.

ನೀವು ಹೇಳಿರೋ ಲಕ್ಷಣದಲ್ಲಿ ನನಗೆ ಮುಖ್ಯ ಅನ್ಸಿದ್ದು ಕರೆಂಟ್ ಹೋಗಿ ಬಂದಿದ್ದಲ್ಲ, ಅದಕ್ಕೆ ಮುಂಚೆ ಎರಡು ಮೂರು ತಿಂಗಳು ಬೆಳಿಗ್ಗೆ ಆಗ್ತಿದ್ದಿದ್ದು. ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ, ಬಿಸಿ ಆದ್ಮೇಲೆ ಬರತ್ತೆ, ಬಂದ್ಮೇಲೆ ನಿಲ್ಲಲ್ಲ. ಸರ್ವೀಸ್ ಬೆಂಚಿಗೆ ಹೀಗೆ ಹೇಳ್ಕೊಂಡು ಬರೋ ಮಾನಿಟರ್‌ಗಳಲ್ಲಿ ಹೆಚ್ಚಿನವು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದ್ರೆ ಕರೆಂಟನ್ನ ಸ್ವಲ್ಪ ಹೊತ್ತು ಹಿಡಿದಿಟ್ಕೊಳ್ಳೋ ಪುಟ್ಟ ಡಬ್ಬಿ, ಒಣಗಿರೋವೇ. ಈ ಕೆಪಾಸಿಟರ್ ಒಳಗೆ ಕಾಗದಕ್ಕೆ ನೆನೆಸಿರೋ ಒಂದು ದ್ರವ ಇರತ್ತೆ, ಕೆಳಗಡೆ ರಬ್ಬರ್ ಬಿರಡೆ. ವರ್ಷಗಟ್ಟಲೆ ಬಿಸೀಲಿ ಇದ್ದು ಇದ್ದು ಆ ದ್ರವ ನಿಧಾನವಾಗಿ ಆವಿಯಾಗಿ ಹೋಗತ್ತೆ, ಒಳಗಿನ ಅಡ್ಡಿ, ಅಂದ್ರೆ ನಾವು ಇಎಸ್‌ಆರ್ ಅಂತ ಅಳೀತೀವಲ್ಲ ಅದು, ಏರ್ತಾ ಹೋಗತ್ತೆ. ತಣ್ಣಗಿದ್ದಾಗ ಆ ಅಡ್ಡಿ ಇನ್ನೂ ಜಾಸ್ತಿ, ಬಿಸಿ ಆದ್ರೆ ಸ್ವಲ್ಪ ಇಳಿಯತ್ತೆ. ಮಲೆನಾಡಿನ ಮಳೆಗಾಲದ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಸ್ಕ್ರೀನ್ ಬರದೇ, ಕಾಲು ಗಂಟೆ ಆದ್ಮೇಲೆ ಬರ್ತಿದ್ದಿದ್ದಕ್ಕೆ ಇದೇ ಕಾರಣ ಇರ್ಬೇಕು.

ಲೆಕ್ಕ ಹಾಕಿದ್ರೂ ಸರಿಹೋಗತ್ತೆ ನೋಡಿ. ಕೆಪಾಸಿಟರ್ ಮೈಮೇಲೆ 105 ಡಿಗ್ರಿ ಅಂತ ಬರ್ದಿರತ್ತೆ, ಸಾಮಾನ್ಯ ದರ್ಜೆಯದ್ದಾದ್ರೆ ಆ ಬಿಸೀಲಿ 2,000 ಗಂಟೆ ಬಾಳಿಕೆ. ಹತ್ತು ಡಿಗ್ರಿ ಕಮ್ಮಿ ಆದ್ರೆ ಬಾಳಿಕೆ ಸುಮಾರು ಎರಡು ಪಟ್ಟು ಅಂತ ಲೆಕ್ಕ. ಮುಚ್ಚಿದ ಮಾನಿಟರ್ ಒಳಗೆ ಹೀಟ್‌ಸಿಂಕ್ ಪಕ್ಕ ಕೂತಿರೋ ಕೆಪಾಸಿಟರ್ 75 ಡಿಗ್ರೀಲಿ ಇದೆ ಅಂದ್ಕೊಳ್ಳಿ, ಆವಾಗ 16,000 ಗಂಟೆ ಆಯ್ತು. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ಅಂಗಡಿ ಅಂದ್ರೆ ಐದು ವರ್ಷದ ಮೇಲೆ ಸ್ವಲ್ಪ. 65 ಡಿಗ್ರೀಲಿ ಇದ್ರೆ ಹತ್ತು ವರ್ಷ. ನಿಮ್ಮದು 2016ರದ್ದು, ಅಂಗಡೀಲಿ ಇಡೀ ದಿನ ಓಡಿದೆ, ಪಕ್ಕದಲ್ಲಿ ಜೆರಾಕ್ಸ್ ಮೆಷಿನ್ನಿನ ಬಿಸಿ, ಕಾಗದದ ಧೂಳು ಹಿಂದಿನ ಗಾಳಿಕಂಡೀಲಿ ಕೂತಿರತ್ತೆ. ಹಾಗಾಗಿ ಇದು ಕಂಪ್ನಿ ಮೋಸನೂ ಅಲ್ಲ, ನಿಮ್ಮ ಅಜಾಗರೂಕತೆನೂ ಅಲ್ಲ, ಆ ಭಾಗದ ಆಯಸ್ಸೇ ಅಷ್ಟು. ಚಿತ್ರ ಕಾಣೋ ಪ್ಯಾನಲ್ಲಿಗೆ, ಅದಕ್ಕೆ ಚಿತ್ರ ಕಳಿಸೋ ಮೇನ್ ಬೋರ್ಡಿಗೆ ಅಷ್ಟು ಬೇಗ ವಯಸ್ಸಾಗಲ್ಲ, ಅದಕ್ಕೇ ಪವರ್ ಸಪ್ಲೈ ಹೋದ ಕೂಡ್ಲೇ ಮಾನಿಟರ್ ಮುಗೀತು ಅನ್ನೋರ ಮಾತು ನಾನು ಒಪ್ಪಲ್ಲ.

ಈಗ ಕರೆಂಟಿನ ವಿಷಯ. ಕರೆಂಟ್ ಹೋಗಿ ಬಂದ್ಮೇಲೆ ಸತ್ತಿದೆ ಅಂದ್ರೆ ಎಲ್ಲರೂ ಹೇಳೋದು ಹೈ ವೋಲ್ಟೇಜ್ ಬಂದು ಸುಟ್ಟಿದೆ ಅಂತ. ಆಗಿರಬಹುದು. ಗಾಳಿಗೆ ಮರ ಬಿದ್ದು ನ್ಯೂಟ್ರಲ್ ತುಂಡಾದ್ರೆ 230 ಇರ್ಬೇಕಾದ ಕಡೆ 400 ವೋಲ್ಟಿನ ಹತ್ರ ಬರೋದುಂಟು, ಸಿಡಿಲು ಹತ್ರ ಬಿದ್ರಂತೂ ಹೇಳೋದೇ ಬೇಡ. ಆದ್ರೆ ನಿಮ್ಮ ಕೇಸಲ್ಲಿ ಇನ್ನೊಂದು ಸಾಧ್ಯತೆ ಅಷ್ಟೇ ಬಲವಾಗಿದೆ. ಪವರ್ ಸಪ್ಲೈ ಒಳಗೆ ಸ್ವಿಚಿಂಗ್ ಮಾಡೋ ಒಂದು ಐಸಿ, ಅಂದ್ರೆ ಚಿಪ್, ಇರತ್ತೆ, ಅದನ್ನ ಎಬ್ಬಿಸೋಕೆ ಒಂದು ಪುಟ್ಟ ಕೆಪಾಸಿಟರ್, 22 ಇಲ್ಲಾ 47 ಮೈಕ್ರೋಫ್ಯಾರಡ್, 50 ವೋಲ್ಟಿಂದು, ಬೆರಳಿನ ಉಗುರಿಗಿಂತ ಚಿಕ್ಕದು. ಅದು ಒಣಗಿದ್ರೆ ಐಸಿ ಏಳಕ್ಕೆ ನೋಡತ್ತೆ, ಬೀಳತ್ತೆ, ಮತ್ತೆ ಏಳಕ್ಕೆ ನೋಡತ್ತೆ. ನೀವು ನೋಡಿದ ಮಿಣಕ್ ಮಿಣಕ್ ಅದೇ ಇದ್ರೂ ಇರಬಹುದು. ಬೆಳಿಗ್ಗೆ ಒಂದ್ಸಲ ಎದ್ದಿದ್ದು ಸಂಜೆವರೆಗೂ ನಡ್ಕೊಂಡು ಹೋಗ್ತಿತ್ತು. ಅವತ್ತು ಕರೆಂಟ್ ಹೋಯ್ತು, ಎಲ್ಲ ತಣ್ಣಗಾಯ್ತು, ಮತ್ತೆ ಏಳೋ ಶಕ್ತಿ ಅದಕ್ಕಿರ್ಲಿಲ್ಲ. ಅಂದ್ರೆ ಯಾವ ಹೊಡೆತನೂ ಬೀಳ್ದೇ, ಏನೂ ಸುಡ್ದೇ, ಬರೀ ಸ್ಟಾರ್ಟ್ ಆಗ್ದೇ ನಿಂತಿರಬಹುದು. ಹಾಗಿದ್ರೆ ಇದು ಅಗ್ಗದ ರಿಪೇರಿ.

ಎರಡರಲ್ಲಿ ಯಾವುದು ಅಂತ ಹೇಳೋದು ಫ್ಯೂಸ್. ಕೇಬಲ್ ಸಿಕ್ಕಿಸೋ ಸಾಕೆಟ್ ಪಕ್ಕದಲ್ಲೇ ಬೋರ್ಡ್ ಮೇಲೆ ಇರತ್ತೆ, ಗಾಜಿನ ಕೊಳವೆ ಥರದ್ದು, ಅದರ ಲೋಹದ ಟೋಪಿ ಮೇಲೆ 2 ಆಂಪ್ ಅಥವಾ 3.15 ಆಂಪ್, 250 ವೋಲ್ಟ್ ಅಂತ ಕೊರೆದಿರತ್ತೆ. ಕೆಲವದರಲ್ಲಿ ಬಿಳೀ ಸೆರಾಮಿಕ್ ಇರತ್ತೆ, ಅದು ಕಣ್ಣಿಗೆ ಕಾಣಲ್ಲ, ಮೀಟರಲ್ಲೇ ನೋಡ್ಬೇಕು. ಗಾಜಿಂದಾದ್ರೆ ಟಾರ್ಚ್ ಹಿಡಿದು ನೋಡಿ. ತಂತಿ ಸರಿಯಾಗಿದ್ರೆ, ಮೀಟರ್ ಬೀಪ್ ಅಂದ್ರೆ, ಸಮಾಧಾನ ಪಟ್ಕೊಳ್ಳಿ, ಒಳಗೆ ದೊಡ್ಡ ಶಾರ್ಟ್ ಆಗಿಲ್ಲ. ಗಾಜು ತಿಳಿಯಾಗೇ ಇದ್ದು ತಂತಿ ಮಾತ್ರ ಮಧ್ಯೆ ಸಣ್ಣಗೆ ಬಿಟ್ಟಿದ್ರೆ ಸ್ವಲ್ಪ ಜಾಸ್ತಿ ಕರೆಂಟ್ ಹರಿದಿದೆ ಅಂತ, ಅಥವಾ ಫ್ಯೂಸಿಗೇ ವಯಸ್ಸಾಗಿದೆ ಅಂತ. ಗಾಜಿನ ಒಳಮೈ ಪೂರ್ತಿ ಕಪ್ಪಾಗಿದ್ರೆ, ಇಲ್ಲಾ ಕನ್ನಡಿ ಥರ ಬೆಳ್ಳಗೆ ಲೇಪ ಬಂದಿದ್ರೆ, ಒಳಗೆ ಕರೆಂಟನ್ನ ಹಚ್ಚಿ ಆರಿಸೋ ಮಾಸ್‌ಫೆಟ್ಟೋ, ಎಸಿಯನ್ನ ಡಿಸಿ ಮಾಡೋ ಬ್ರಿಡ್ಜಿನ ಡಯೋಡೋ ನೇರ ಶಾರ್ಟ್ ಆಗಿದೆ. ಅಂಥಾ ಕಡೆ ಬರೀ ಫ್ಯೂಸ್ ಬದಲಾಯ್ಸಿದ್ರೆ ಸ್ವಿಚ್ ಹಾಕಿದ ಕ್ಷಣದಲ್ಲೇ ಅದೂ ಹೋಗತ್ತೆ. ಇನ್ನು ಕೆಲವರು ಫ್ಯೂಸ್ ಜಾಗಕ್ಕೆ ಒಂದು ಎಳೆ ತಾಮ್ರದ ತಂತಿ ಸುತ್ತಿ ಕೊಟ್ಟುಬಿಡ್ತಾರೆ. ಇದನ್ನ ಮಾತ್ರ ದಯವಿಟ್ಟು ಒಪ್ಕೋಬೇಡಿ. ಸುತ್ತಮುತ್ತ ಕಾಗದದ ಕಟ್ಟು ತುಂಬಿರೋ ಅಂಗಡಿ ನಿಮ್ಮದು, ಮುಂದಿನ ಸಲ ಶಾರ್ಟ್ ಆದ್ರೆ ಕರೆಂಟ್ ಕಡಿಯೋಕೆ ಬೋರ್ಡಲ್ಲಿ ಏನೂ ಇರಲ್ಲ, ಬೋರ್ಡೇ ಹೊತ್ಕೊಳ್ಳತ್ತೆ.

ನಿಮ್ಮಕ್ಕನ ಮಗ ಹೇಳಿದ್ದಕ್ಕೆ ಬರ್ತೀನಿ. ಹುಡುಗ ಹೇಳಿದ್ದು ಅರ್ಧ ಸರಿ. ಕೆಪಾಸಿಟರ್ ಮೇಲೆ ಅನುಮಾನ ಪಟ್ಟಿದ್ದು ಸರಿ, 'ಅಷ್ಟೇ' ಅಂದಿದ್ದು ಬಿಚ್ಚಿ ನೋಡೋದಕ್ಕೆ ಮುಂಚೆ ಹೇಳೋ ಮಾತಲ್ಲ. ಯೂಟ್ಯೂಬಲ್ಲಿ ತುಂಬಾ ವೀಡಿಯೋ ಇರೋದು 2000ದ ದಶಕದ ಹಳೇ ಮಾನಿಟರ್‌ಗಳದ್ದು, ಆ ಕಾಲದಲ್ಲಿ ಕಳಪೆ ಕೆಪಾಸಿಟರ್ ಮಾರ್ಕೆಟಿಗೆ ರಾಶಿ ರಾಶಿ ಬಂದಿತ್ತು, ತಲೆ ಉಬ್ಬಿರೋ ನಾಲ್ಕು ಬದಲಾಯ್ಸಿದ್ರೆ ಮಾನಿಟರ್ ಎದ್ದು ಕೂರ್ತಿತ್ತು. ಅದನ್ನೇ ನೋಡ್ಕೊಂಡು ತಲೆ ಉಬ್ಬಿಲ್ಲ ಅಂದ್ರೆ ಕೆಪಾಸಿಟರ್ ಚೆನ್ನಾಗಿದೆ ಅಂತ ಜನ ಅಂದ್ಕೋತಾರೆ. ಹಾಗಲ್ಲ. ನಾನು ಮೇಲೆ ಹೇಳಿದ ಪುಟ್ಟ ಕೆಪಾಸಿಟರ್ ಎಷ್ಟೋ ಸಲ ಉಬ್ಬೋದೇ ಇಲ್ಲ, ನೋಡೋಕೆ ಹೊಸದರ ಹಾಗಿರತ್ತೆ, ಮೀಟರ್ ಇಟ್ರೆ ಮಾತ್ರ ಒಣಗಿರೋದು ಗೊತ್ತಾಗತ್ತೆ. ಉಬ್ಬು ನೋಡ್ಬೇಕಾದ್ದು 470, 1000 ಮೈಕ್ರೋಫ್ಯಾರಡ್, 25 ವೋಲ್ಟಿನ ದೊಡ್ಡವುಗಳಲ್ಲಿ. ತಲೆ ಮೇಲೆ ಅಡ್ಡಗೆರೆ ಕೊರೆದಿರತ್ತೆ, ಒತ್ತಡ ಬಂದಾಗ ಅಲ್ಲೇ ಬಿಡ್ಲಿ ಅಂತ. ಡಿಸ್ಚಾರ್ಜ್ ಮಾಡಿದ್ಮೇಲೆ, ಅಂದ್ರೆ ಒಳಗೆ ಉಳಿದಿರೋ ಕರೆಂಟ್ ಖಾಲಿ ಮಾಡಿದ್ಮೇಲೆ, ಬೆರಳ ತುದಿ ಆಡಿಸಿದ್ರೆ ಸಪಾಟ ಇದ್ಯಾ ಗುಮ್ಮಟ ಎದ್ದಿದ್ಯಾ ಕಣ್ಣಿಗಿಂತ ಚೆನ್ನಾಗಿ ಗೊತ್ತಾಗತ್ತೆ. ಇನ್ನೊಂದು, ಕೆಪಾಸಿಟರ್ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಂಟು ಕಂಡ್ರೆ ಲೀಕ್ ಆಗಿದೆ ಅಂತ ಕಿತ್ತುಹಾಕೋರಿದಾರೆ, ಅದು ಅಲುಗಾಡ್ದೇ ಇರ್ಲಿ ಅಂತ ಫ್ಯಾಕ್ಟರೀಲಿ ಹಾಕಿರೋ ಅಂಟು. ನಿಜವಾದ ಲೀಕ್ ಆದ್ರೆ ಕೆಳಗಿನ ತಾಮ್ರದ ಟ್ರ್ಯಾಕ್ ಹಸಿರಾಗಿರತ್ತೆ, ಹತ್ರ ಮೂಗಿಟ್ರೆ ಮೀನಿನ ಥರ ಕಮಟು ವಾಸನೆ ಬರತ್ತೆ. ಆದ್ರೆ ಆ ಅಂಟೂ ತೀರಾ ಹಳೇದಾಗಿ ಕಪ್ಪಾದ್ರೆ ಕರೆಂಟ್ ಹರಿಸೋಕೆ ಶುರು ಮಾಡತ್ತೆ, ಹಾಗಾಗಿ ಕಪ್ಪಾಗಿದ್ರೆ ಕೆರೆದು ತೆಗೆಯೋದು ಒಳ್ಳೇದು. ಬೋರ್ಡ್ ಮೇಲೆ ಹಲ್ಲಿ ಸತ್ತು ಅಂಟ್ಕೊಂಡಿರೋದು, ಇರುವೆ ಗೂಡು, ಇವೂ ನಮ್ಮ ಕಡೆ ತುಂಬಾ ಸಿಗತ್ತೆ, ಅದನ್ನೂ ನೋಡಿ.

ಅವನ ಕೈಲಿ ಬಿಚ್ಚಿಸ್ಬಹುದಾ ಅಂದ್ರೆ, ನೋಡೋಕೆ ಬಿಚ್ಚಬಹುದು, ಕರೆಂಟ್ ಕೊಟ್ಟು ಬಿಚ್ಚಿದ ಬೋರ್ಡಲ್ಲಿ ಕೈಯಾಡ್ಸೋದು ಮಾತ್ರ ಬೇಡ. ಪ್ಲಗ್ ಕಿತ್ತಿದೀನಲ್ಲ, ಇನ್ನೇನು ಭಯ ಅನ್ನೋದು ಈ ಕೆಲಸದಲ್ಲಿರೋ ತುಂಬಾ ಅಪಾಯದ ನಂಬಿಕೆ. ಗೋಡೆಯ 230 ವೋಲ್ಟ್ ಒಳಗೆ ಬಂದು ಡಿಸಿ ಆದಾಗ ಸುಮಾರು 325 ವೋಲ್ಟ್ ಆಗತ್ತೆ, ಅದು ಬೋರ್ಡಿನ ಅತಿ ದಪ್ಪ ಕೆಪಾಸಿಟರಲ್ಲಿ, 400 ಅಥವಾ 450 ವೋಲ್ಟ್ ಅಂತ ಬರ್ದಿರೋದ್ರಲ್ಲಿ, ಕೂತಿರತ್ತೆ. ಚೆನ್ನಾಗಿರೋ ಮಾನಿಟರಲ್ಲಿ ಪ್ಲಗ್ ಕಿತ್ತ ಮೇಲೆ ಸರ್ಕ್ಯೂಟೇ ಅದನ್ನ ಬಳಸಿ ಖಾಲಿ ಮಾಡತ್ತೆ. ಸತ್ತಿರೋ ಸಪ್ಲೈಯಲ್ಲಿ ಬಳಸೋರು ಯಾರೂ ಇಲ್ಲ, ಹಾಗಾಗಿ ಜಾಸ್ತಿ ಹೊತ್ತು ತುಂಬಿಕೊಂಡೇ ಇರತ್ತೆ. ಸತ್ತಿರೋದೇ ಜಾಸ್ತಿ ಹೊಡೆಯತ್ತೆ ಅಂತ ಅವನಿಗೆ ಹೇಳಿ. ನಿಮ್ಮದು ವಾರದಿಂದ ಪ್ಲಗ್ಗಲ್ಲಿ ಇಲ್ಲ ಅಂದ್ರೆ ಹೆಚ್ಚು ಕಮ್ಮಿ ಇಳಿದಿರತ್ತೆ, ಆದ್ರೂ ಮೀಟರಲ್ಲಿ ಡಿಸಿ ದೊಡ್ಡ ರೇಂಜ್ ಇಟ್ಟು ಅಳೆದೇ ಮುಟ್ಬೇಕು. ವೋಲ್ಟೇಜ್ ಉಳಿದಿದ್ರೆ 4.7 ಕಿಲೋ ಓಂನ 10 ವ್ಯಾಟ್ ರೆಸಿಸ್ಟರ್ ಕಾಲಿಗೆ ಇನ್ಸುಲೇಶನ್ ಇರೋ ತಂತಿ ಬೆಸೆದು ಹತ್ತು ಸೆಕೆಂಡ್ ಹಿಡಿದು, ಮತ್ತೆ ಅಳೀಬೇಕು. ಸ್ಕ್ರೂಡ್ರೈವರ್ ಇಟ್ಟು ಠಪ್ ಅನ್ಸೋದು ಬೇಡ, ಟ್ರ್ಯಾಕ್ ಹಾರತ್ತೆ, ಕಣ್ಣಿಗೆ ಕಿಡಿ ಬೀಳತ್ತೆ.

ಅವನಿಗೆ ಬೆಸುಗೆ ಅಭ್ಯಾಸ ಇದೆ, ಕಾಲೇಜಲ್ಲಿ ಲ್ಯಾಬ್ ಮೇಷ್ಟ್ರು ಯಾರಾದ್ರೂ ಪಕ್ಕದಲ್ಲಿ ನಿಲ್ತಾರೆ ಅಂದ್ರೆ ಕೆಪಾಸಿಟರ್ ಬದಲಾಯ್ಸೋ ಕೆಲಸ ಕಷ್ಟದ್ದಲ್ಲ, ನಿಜ ಹೇಳ್ಬೇಕು ಅಂದ್ರೆ ಕಲಿಯೋಕೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮೈಕ್ರೋಫ್ಯಾರಡ್ ಅಷ್ಟೇ ಇರ್ಬೇಕು, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿಯದ್ದು, ಲೋ ಇಎಸ್‌ಆರ್ ಅಂತ ಕೇಳಿ ತಗೋಬೇಕು. ಪಟ್ಟೆ ಇರೋ ಕಡೆ ಮೈನಸ್, ತಿರುಗಾ ಮುರುಗಾ ಹಾಕಿದ್ರೆ ಸಿಡಿಯತ್ತೆ. ಈಗಿನ ಬೋರ್ಡಲ್ಲಿರೋದು ಸೀಸ ಇಲ್ಲದ ಬೆಸುಗೆ, ಕರಗೋಕೆ 217 ಡಿಗ್ರಿ ಬೇಕು, ನಮ್ಮ ಮಾಮೂಲಿ ಲೆಡ್ 183ಕ್ಕೇ ಕರಗೋಕೆ ಶುರುವಾಗತ್ತೆ, ಹಾಗಾಗಿ 25 ವ್ಯಾಟಿನ ಐರನ್ ಇಟ್ಕೊಂಡು ಕರಗ್ತಿಲ್ಲ ಅಂತ ಎಳೆದಾಡಿ ಟ್ರ್ಯಾಕ್ ಕಿತ್ಕೊಳ್ಳೋರು ಬಹಳ. ಮೊದಲು ಆ ಜಾಗಕ್ಕೆ ಸ್ವಲ್ಪ ಮಾಮೂಲಿ ಲೆಡ್ ಸೇರಿಸಿದ್ರೆ ಸಲೀಸಾಗಿ ಬಿಡತ್ತೆ. ಹಾಕಿದ್ಮೇಲೆ ನೇರವಾಗಿ ಕರೆಂಟಿಗೆ ಕೊಡದೇ, ಹಿಂಬದಿ ಕವರ್ ಮುಚ್ಚಿ, ಎಲೆಕ್ಟ್ರಿಷಿಯನ್ ಹತ್ರ ಇರೋ ಸೀರೀಸ್ ಬೋರ್ಡಲ್ಲಿ, ಅಂದ್ರೆ ಕರೆಂಟ್ ಬಲ್ಬ್ ದಾಟಿಯೇ ಮಾನಿಟರಿಗೆ ಬರೋ ಬೋರ್ಡಲ್ಲಿ, 100 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ ಕೊಡ್ಲಿ, ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ. ಬಲ್ಬ್ ಒಂದ್ಸಲ ಮಿಂಚಿ ಮಂಕಾದ್ರೆ ಸರಿ, ಪೂರ್ತಿ ಉರೀತಾ ನಿಂತ್ರೆ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸ್ಬೇಕು. ಫ್ಯೂಸ್ ಕಪ್ಪಾಗಿದ್ರೆ ಮಾತ್ರ ಇದ್ಯಾವುದೂ ಬೇಡ, ಆ ಕೆಲಸ ಅನುಭವ ಇರೋರಿಗೆ ಬಿಡ್ಲಿ. ಯಾಕಂದ್ರೆ ಮಾಸ್‌ಫೆಟ್ ಹೋಗುವಾಗ ಒಂಟಿಯಾಗಿ ಹೋಗೋದು ಅಪರೂಪ, ಪಕ್ಕದ ಅರ್ಧ ಓಂ ಆಸುಪಾಸಿನ ರೆಸಿಸ್ಟರ್, ಸ್ವಿಚಿಂಗ್ ಐಸಿ ಎಲ್ಲ ಎಳ್ಕೊಂಡು ಹೋಗತ್ತೆ, ಒಂದು ಬಿಟ್ಟು ಉಳಿದಿದ್ದು ಹಾಕಿದ್ರೆ ಹಾಕಿದ್ದೂ ಹೋಗತ್ತೆ.

ಈಗ ದುಡ್ಡಿನ ಮಾತು. ನಾನು ಇಟ್ಕೊಂಡಿರೋ ಲೆಕ್ಕ, ಅದೇ ಅಳತೆಯ ಹೊಸ ಮಾನಿಟರಿನ ಬೆಲೆಯ ಮೂರನೇ ಒಂದು ಭಾಗ ದಾಟಿದ್ರೆ ರಿಪೇರಿ ಬೇಡ. ಸಾಧಾರಣ 22 ಇಂಚಿಂದು ಹೊಸದು ಸುಮಾರು ಆರೂವರೆಯಿಂದ ಎಂಟು ಸಾವಿರ ಅಂದ್ಕೊಂಡ್ರೆ, ಎರಡು ಸಾವಿರದಿಂದ ಎರಡೂವರೆ ನಿಮ್ಮ ಮಿತಿ. ಹೊಸದಕ್ಕೆ ಬಹಳಷ್ಟು ಕಂಪ್ನಿಯವ್ರು ಮೂರು ವರ್ಷ ವಾರಂಟಿ ಕೊಡ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ. 2,800, ಅದೂ ಗ್ಯಾರಂಟಿ ಇಲ್ದೇ, ನನ್ನ ಪ್ರಕಾರ ಬೇಡವೇ ಬೇಡ. ಬರೀ ಕೆಪಾಸಿಟರ್ ಆದ್ರೆ ಸಾಮಾನು ನೂರು ರೂಪಾಯಿ ಆಸುಪಾಸು, ಕೂಲಿ ಐನೂರು ಆರ್ನೂರು, ಅಷ್ಟರಲ್ಲಿ ಮುಗೀಬೇಕು. ಮಾಸ್‌ಫೆಟ್, ಐಸಿ ಸೇರಿದ್ರೆ ಸಾವಿರದಿಂದ ಸಾವಿರದೈನೂರು ಕೇಳಿದ್ರೂ ನ್ಯಾಯವೇ, ಆ ಕೆಲಸಕ್ಕೆ ಹೊತ್ತು ಹಿಡಿಯತ್ತೆ. 'ಐವತ್ತು ರೂಪಾಯಿ ಕೆಲಸ' ಅನ್ನೋದು ಸಾಮಾನಿನ ಬೆಲೆ ಅಷ್ಟೇ, ಅಂಗಡಿಯವ್ರು ಆರ್ನೂರು ಕೇಳಿದ್ರೆ ಮೋಸ ಅಂದ್ಕೋಬೇಡಿ, ಕಂಡುಹಿಡಿಯೋದಕ್ಕೆ ಕೊಡೋ ದುಡ್ಡು ಅದು.

ಬೋರ್ಡೇ ಬದಲಾಯ್ಸ್ತೀವಿ ಅಂದ್ರೆ ಎಲ್ಲಿಂದ ತರ್ತೀರಿ ಅಂತ ಕೇಳಿ. ಹೆಚ್ಚಿನ ಸಲ ಅದು ಬೆಂಗಳೂರಿನ ಎಸ್‌ಪಿ ರೋಡಿನಂಥಾ ಕಡೆ ಪ್ಯಾನಲ್ ಒಡೆದ ಮಾನಿಟರಿಂದ ಬಿಚ್ಚಿದ ಬೋರ್ಡಾಗಿರತ್ತೆ. ತಪ್ಪೇನಿಲ್ಲ, ಆದ್ರೆ ಅದರಲ್ಲಿರೋ ಕೆಪಾಸಿಟರಿಗೂ ಅಷ್ಟೇ ವಯಸ್ಸಾಗಿರತ್ತೆ, ಹಾಗಾಗಿ ತಂದು ಹಾಕೋ ಮುಂಚೆ ಅದರ ಕೆಪಾಸಿಟರೂ ಬದಲಾಯ್ಸಿ ಅನ್ನಿ. ಬೋರ್ಡ್ ಮೇಲೆ ಅಚ್ಚಾಗಿರೋ ನಂಬರ್ ಪೂರ್ತಿ ಹೊಂದಬೇಕು, ಒಂದೇ ಕಂಪ್ನಿ, ಒಂದೇ ಅಳತೆ ಅಂದ್ರೆ ಸಾಲ್ದು. ಕನೆಕ್ಟರ್ ಕೂತ್ರೂ ಒಳಗಿನ ಪಿನ್ ಬೇರೆ ಇದ್ರೆ 5 ವೋಲ್ಟ್ ಹೋಗೋ ಕಡೆ 14, 16 ಹೋಗಿ ಮೇನ್ ಬೋರ್ಡೇ ಸುಡತ್ತೆ. ಯೂನಿವರ್ಸಲ್ ಬೋರ್ಡ್ ಹಾಕ್ಕೊಡ್ತೀವಿ ಅನ್ನೋರೂ ಸಿಗ್ತಾರೆ, ಕೆಲಸ ಮಾಡತ್ತೆ, ಆದ್ರೆ ಸ್ಕ್ರೀನಿಗೆ ಹಿಂದಿಂದ ಬೆಳಕು ಕೊಡೋ ಬ್ಯಾಕ್‌ಲೈಟಿನ ಎಲ್‌ಇಡಿಗೆ ಹೋಗೋ ಕರೆಂಟ್ ಸರಿಯಾಗಿ ಹೊಂದಿಸ್ದೇ ಹೋದ್ರೆ ಆ ಎಲ್‌ಇಡಿಗಳು ಬೇಗ ಕೈ ಕೊಡ್ತವೆ, ಹಾಗಾಗಿ ಅದು ನನ್ನ ಕೊನೇ ಆಯ್ಕೆ.

ಯಾವುದಕ್ಕೂ ದುಡ್ಡು ಕೊಡೋದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಪವರ್ ಬೋರ್ಡಿಂದ ಮೇನ್ ಬೋರ್ಡಿಗೆ ಹೋಗೋ ವೈರ್ ಹತ್ರ ಯಾವ ಪಿನ್ನಲ್ಲಿ 5 ವೋಲ್ಟ್, ಯಾವುದರಲ್ಲಿ ಇನ್ನೊಂದು ವೋಲ್ಟೇಜ್ ಅಂತ ಸಾಮಾನ್ಯವಾಗಿ ಬೋರ್ಡ್ ಮೇಲೇ ಬರ್ದಿರತ್ತೆ. ಬೆಂಚ್ ಸಪ್ಲೈ, ಅಂದ್ರೆ ಬೇಕಾದ ವೋಲ್ಟೇಜ್ ಹೊಂದಿಸಿ ಕೊಡೋ ಮೆಷಿನ್, ಇರೋ ಟೆಕ್ನಿಷಿಯನ್ ಆದ್ರೆ ಹೊರಗಿಂದ ಆ ವೋಲ್ಟೇಜ್ ಕೊಟ್ಟು ಮೇನ್ ಬೋರ್ಡ್ ಏಳತ್ತಾ, ಪವರ್ ಲೈಟ್ ಬರತ್ತಾ, ಪ್ಯಾನಲ್ ಮೇಲೆ ಟಾರ್ಚ್ ಬಿಟ್ರೆ ಮಸುಕಾಗಿ ಚಿತ್ರ ಕಾಣತ್ತಾ ಅಂತ ನೋಡ್ಬಹುದು. ಅದು ಬಂತು ಅಂದ್ರೆ ಪವರ್ ಸಪ್ಲೈಗೆ ಹಾಕೋ ದುಡ್ಡು ವ್ಯರ್ಥ ಆಗಲ್ಲ. ಗ್ಯಾರಂಟಿ ಕೊಡಕ್ಕಾಗಲ್ಲ ಅನ್ನೋರು ಸಾಮಾನ್ಯವಾಗಿ ಇದನ್ನ ಮಾಡಿ ನೋಡಿರಲ್ಲ, ಪವರ್ ಸಪ್ಲೈ ಸರಿ ಮಾಡಿದ್ಮೇಲೆ ಮೇನ್ ಬೋರ್ಡೂ ಹೋಗಿದೆ ಅಂತ ಗೊತ್ತಾದ್ರೆ ಅನ್ನೋ ಭಯ ಅವರಿಗೆ. ಸಾಮಾನ್ಯವಾಗಿ 230 ವೋಲ್ಟಿನ ಕಡೆಯ ಶಾರ್ಟ್ ಪವರ್ ಬೋರ್ಡ್ ಮೇಲಿರೋ ಪುಟ್ಟ ಟ್ರಾನ್ಸ್‌ಫಾರ್ಮರ್ ದಾಟಿ ಈಚೆ ಬರಲ್ಲ, ಸಿಡಿಲಿಂದಾದ್ರೆ ಮಾತ್ರ ನಂಬೋ ಹಾಗಿಲ್ಲ, ಅದು ವಿಜಿಎ, ಎಚ್‌ಡಿಎಂಐ ಕೇಬಲ್ ಹಿಡ್ಕೊಂಡೂ ಬರತ್ತೆ.

ಇಷ್ಟಕ್ಕೂ ಮುಂಚೆ, ನಗಬೇಡಿ, ಸಿಪಿಯುಗೆ ಹಾಕಿರೋ ಕೇಬಲ್ ತೆಗೆದು ಮಾನಿಟರಿಗೆ ಹಾಕಿ ಬೇರೆ ಪ್ಲಗ್ಗಲ್ಲಿ ಒಂದ್ಸಲ ನೋಡಿ. ಕೇಬಲ್ ಹೋಗಿ ಮಾನಿಟರ್ ಹೊತ್ಕೊಂಡು ಊರಿಂದ ಊರಿಗೆ ಬಂದೋರನ್ನ ನೋಡಿ ಬೇಜಾರಾಗಿದೆ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳಿ. ಹೋಗೋದಕ್ಕೆ ಮುಂಚೆ ಸ್ಕ್ರೀನ್ ಹೇಗಿತ್ತು? ಬಣ್ಣ ಹಳದಿಗೆ ತಿರುಗಿತ್ತು, ಬ್ರೈಟ್‌ನೆಸ್ ನೂರಕ್ಕೆ ಇಟ್ರೂ ಮಂಕು, ಉದ್ದಕ್ಕೆ ಗೆರೆ ಬರ್ತಿತ್ತು ಅಂದ್ರೆ ಸಪ್ಲೈ ಇನ್ನೂರು ರೂಪಾಯಿಗೆ ಸರಿ ಹೋದ್ರೂ ನಾನು ಬೇಡ ಅಂತೀನಿ. ದಿನವಿಡೀ ಸಣ್ಣ ಅಕ್ಷರ ಟೈಪ್ ಮಾಡೋ ಕೆಲಸ ನಿಮ್ಮದು, ಕಣ್ಣು ಮಾನಿಟರಿಗಿಂತ ದೊಡ್ಡದು. ಕೊನೇ ದಿನದವರೆಗೂ ಚೆನ್ನಾಗಿ ಕಾಣ್ತಿತ್ತು ಅಂದ್ರೆ ರಿಪೇರಿ ಮಾಡಿಸಿ, ಇನ್ನೂ ಕೆಲವು ವರ್ಷ ಬರತ್ತೆ.

ಅಡಾಪ್ಟರ್ ಇರೋ ಮಾನಿಟರ್‌ನೋರೂ ಇದನ್ನ ಓದ್ತಿರ್ತೀರಿ, ನಿಮಗೆ ಈ ತಲೆನೋವಿಲ್ಲ, ಅಡಾಪ್ಟರ್ ಬದಲಾಯ್ಸಿ. ವೋಲ್ಟ್ ಅಷ್ಟೇ ಇರ್ಬೇಕು, ಕೆಲವಕ್ಕೆ 12, ಕೆಲವಕ್ಕೆ 14, ಕೆಲವಕ್ಕೆ 19, ಪಿನ್ ಹೊಂದತ್ತೆ ಅಂತ ಲ್ಯಾಪ್‌ಟಾಪಿಂದು ಸಿಕ್ಕಿಸ್ಬೇಡಿ. ಆಂಪ್ ಜಾಸ್ತಿ ಇದ್ರೆ ಮಾನಿಟರ್ ಸುಡತ್ತೆ ಅನ್ನೋದು ಸುಳ್ಳು, ಮಾನಿಟರ್ ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ, ಕಮ್ಮಿ ಇದ್ರೆ ತೊಂದ್ರೆ. ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು, ಕೆಳಗೆ ಆರ್ ಅಕ್ಷರದ ನೋಂದಣಿ ನಂಬರ್ ಇರೋದನ್ನೇ ತಗೊಳ್ಳಿ, ಏನೂ ಬರ್ದಿಲ್ಲದ ನೂರೈವತ್ತು ರೂಪಾಯಿಯ ಅಡಾಪ್ಟರ್ ಒಳಗೆ ಎಷ್ಟೋ ಸಲ ಫ್ಯೂಸೇ ಇರಲ್ಲ.

ಯುಪಿಎಸ್ ಇದ್ರೂ ಯಾಕೆ ಹೋಯ್ತು ಅಂದ್ರಿ. ಒಂದು, ಕೆಪಾಸಿಟರ್ ಒಣಗೋದನ್ನ ಯಾವ ಯುಪಿಎಸ್ಸೂ ತಡೆಯಲ್ಲ. ಎರಡು, ನಾವು ಅಂಗಡೀಲಿ ಇಟ್ಕೊಳ್ಳೋ 600 ವಿಎ ಥರದ ಯುಪಿಎಸ್ ಕರೆಂಟ್ ಇರುವಾಗ ಹೊರಗಿನ ಕರೆಂಟನ್ನೇ ಒಳಗೆ ಬಿಡತ್ತೆ, ಕೆಟ್ಟಿದ್ದು ಬಂದಾಗ ಬ್ಯಾಟರಿಗೆ ಹಾರತ್ತೆ, ಆ ಹಾರೋ ಹೊತ್ತಲ್ಲಿ ಸಿಡಿಲಿನ ಹೊಡೆತ ದಾಟಿ ಹೋಗತ್ತೆ. ಮೂರು, ಮಾನಿಟರ್ ನಿಜವಾಗ್ಲೂ ಯುಪಿಎಸ್ ಸಾಕೆಟ್ಟಲ್ಲಿತ್ತಾ, ಇಲ್ಲಾ ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸಲ್ಲಿತ್ತಾ ನೋಡಿ, ಅಂಗಡಿಗಳಲ್ಲಿ ಇದು ತುಂಬಾ ಆಗತ್ತೆ. ಸ್ಪೈಕ್ ಗಾರ್ಡ್ ಕ್ಷಣಮಾತ್ರದ ಹೊಡೆತಕ್ಕೆ ಸರಿ, ಅದೂ ಅರ್ಥಿಂಗ್ ಚೆನ್ನಾಗಿದ್ರೆ, ನಿಮಿಷಗಟ್ಟಲೆ 300 ವೋಲ್ಟ್ ಬಂದ್ರೆ ಅದೇ ಸುಟ್ಟುಹೋಗತ್ತೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಎಷ್ಟಿದೆ ಅಂತ ಅಳೆಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ರೆ ಅರ್ಥಿಂಗ್ ಗುಂಡಿ, ನ್ಯೂಟ್ರಲ್ ಜಾಯಿಂಟ್ ನೋಡಿಸ್ಬೇಕು. ಗುಡುಗು ಶುರುವಾದ್ರೆ ಪ್ಲಗ್ಗೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ರಾತ್ರಿ ಮೇನ್ ಸ್ವಿಚ್ ಆರಿಸಿದ್ರೆ ಮಾನಿಟರ್ ಹಾಳಾಗತ್ತೆ ಅನ್ನೋರ ಮಾತು ಕೇಳ್ಬೇಡಿ, ಸ್ಟ್ಯಾಂಡ್‌ಬೈ ಅಲ್ಲಿ ಬಿಟ್ರೆ ಒಳಗಿನ 325 ವೋಲ್ಟ್ ರಾತ್ರಿಯಿಡೀ ಕೂತೇ ಇರತ್ತೆ, ಸಿಡಿಲಿಗೆ ಬಾಗಿಲೂ ತೆರೆದಿರತ್ತೆ.

ಹಾಗಾಗಿ ಈಗ ಅಂಗಡಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ. ಫ್ಯೂಸ್ ಹೇಗಿದೆ, ಹೊರಗಿಂದ ವೋಲ್ಟೇಜ್ ಕೊಟ್ಟು ಮೇನ್ ಬೋರ್ಡ್ ನೋಡಿದೀರಾ. ಉತ್ತರ ಕೊಡಕ್ಕೆ ಬರದ ಅಂಗಡೀಲಿ ಮಾಡಿಸ್ಬೇಡಿ, ಶಿವಮೊಗ್ಗಕ್ಕೆ ಬಂದ್ರೆ ಚಿಪ್ ಲೆವೆಲ್ ಕೆಲಸ, ಅಂದ್ರೆ ಇಡೀ ಬೋರ್ಡ್ ಬದಲಾಯ್ಸದೇ ಹೋದ ಭಾಗ ಮಾತ್ರ ಹಾಕೋ ಕೆಲಸ, ಮಾಡೋರು ಸಿಗ್ತಾರೆ, ಆರ್ನೂರು ಏಳ್ನೂರರ ಕೆಲಸಕ್ಕೆ ಬಸ್ ಚಾರ್ಜ್ ಸೇರಿದ್ರೂ ಲಾಭವೇ. ಫ್ಯೂಸ್ ಸರಿ ಇದ್ರೆ ಧೈರ್ಯವಾಗಿ ಮಾಡಿಸಿ, ಹೋಗಿದ್ದೊಂದೇ ಅಲ್ಲ, ಆ ಬೋರ್ಡಿನ ಸಣ್ಣ ದೊಡ್ಡ ಎಲೆಕ್ಟ್ರೋಲಿಟಿಕ್ ಎಲ್ಲವನ್ನೂ ಒಟ್ಟಿಗೆ ಬದಲಾಯ್ಸೋಕೆ ಹೇಳಿ, ಬಿಚ್ಚೋ ಕೂಲಿ ಒಂದೇ. ಫ್ಯೂಸ್ ಹೋಗಿ ಮೇನ್ ಬೋರ್ಡ್ ಎದ್ರೆ ಸಾವಿರದೈನೂರರವರೆಗೂ ಕೊಡಿ, ಮೂರು ತಿಂಗಳ ಮಾತು ತಗೊಳ್ಳಿ. ತಗೊಳ್ಳುವಾಗ ಅಲ್ಲೇ ಒಂದು ಗಂಟೆ ಓಡಿಸಿ, ಆರಿಸಿ, ಪೂರ್ತಿ ತಣ್ಣಗಾಗೋಕೆ ಬಿಟ್ಟು ಮತ್ತೆ ಹಚ್ಚಿ ನೋಡಿ, ನಿಮ್ಮ ಕಾಯಿಲೆ ಇದ್ದಿದ್ದೇ ತಣ್ಣಗಿದ್ದಾಗ. ಮೇನ್ ಬೋರ್ಡೂ ಏಳ್ಲಿಲ್ಲ ಅಂದ್ರೆ ಹೊಸದು ತಗೊಳ್ಳಿ, ಹಳೇದನ್ನ ಒಡೀದೇ ಇಡಿಯಾಗಿ ರಿಪೇರಿ ಅಂಗಡಿಗೇ ಕೊಡಿ, ಚೆನ್ನಾಗಿರೋ ಪ್ಯಾನಲ್ ಅವರಿಗೆ ಬೇಕೇ ಬೇಕು, ಗುಜರಿಯವ್ರು ಕೊಡೋದಕ್ಕಿಂತ ಜಾಸ್ತಿ ಸಿಗತ್ತೆ.